ಚೀಟಿಯೋ, ಮಾತೋ

ಯಾರಿಗೂ ಹೇಳಿಲ್ಲ, ದಿನಚರಿಯಲ್ಲಿ ಮಾತ್ರ ಬರೆದಿದ್ದೇನೆ: ಹುಳಿಯಿಲ್ಲದ ಸಾರು ನನಗೆ ರುಚಿಸತೊಡಗಿದೆ. ಮೊನ್ನೆ ಮಂಗಳವಾರ ಅಮ್ಮನ ಹತ್ತಿರ ಎರಡನೆಯ ಸಲ ಹಾಕಿಸಿಕೊಂಡೆ. ಅರ್ಧ ಉಂಡಾದ ಮೇಲೆ ತಿಳಿಯಿತು, ಏನೋ ಕಡಿಮೆಯಿದೆ ಎಂದು ನಾಲಗೆ ಹುಡುಕಲೇ ಇಲ್ಲ. ಸುಮಾರು ಐದು ವರ್ಷ ಪ್ರತಿ ತುತ್ತಿಗೂ ಹುಡುಕಿತ್ತು. ಹೇಳಿಕೊಳ್ಳುವಷ್ಟು ದೊಡ್ಡ ಸಂಗತಿಯೇನಲ್ಲ. ಆದರೂ ಅವತ್ತಿನಿಂದ ನನ್ನ ಮೇಲೆ ನನಗೇ ಒಂದು ಅನುಮಾನ. ಇನ್ನೂ ಏನೇನು ಇಲ್ಲದೆಯೂ ನನಗೆ ಊಟ ಸೇರಬಹುದು?

ಹುಳಿ ನಮ್ಮ ಊರಿನಿಂದ ಹೋದದ್ದು ಕಳೆದ ಚುನಾವಣೆಯಲ್ಲಿ. ಇಕ್ಕಳ ಪಕ್ಷ ಗೆದ್ದಿತು, ಹೇಳಿದ್ದ ಮಾತಿನಂತೆ ಹುಳಿಯನ್ನು ಒಯ್ದಿತು. ಅದರ ಹಿಂದಿನ ಸಲ ಬಾಚಣಿಗೆ ಪಕ್ಷ ಗೆದ್ದು ಮುಸ್ಸಂಜೆಯನ್ನು ಒಯ್ದಿತ್ತು. ಅಪ್ಪ ಚಿಕ್ಕವನಿದ್ದಾಗ ಗುಡ್ಡದ ಮಾರ್ದನಿ ಹೋಯಿತಂತೆ. ಅದನ್ನು ಒಯ್ದವರು ಯಾರು ಎಂದು ಎರಡೂ ಪಕ್ಷದವರು ಇವತ್ತಿಗೂ ಬೈದಾಡಿಕೊಳ್ಳುತ್ತಾರೆ. ಗೆದ್ದವರು ಊರಿನಿಂದ ಒಂದನ್ನು ಒಯ್ಯುತ್ತಾರೆ. ಯಾವುದನ್ನು ಎಂಬುದನ್ನು ಮೊದಲೇ ಪ್ರಣಾಳಿಕೆಯಲ್ಲಿ ಅಚ್ಚು ಹಾಕಿಸಿ ಮನೆಮನೆಗೆ ಹಂಚಿರುತ್ತಾರೆ. ಅಷ್ಟರಮಟ್ಟಿಗೆ ಇಬ್ಬರೂ ಪ್ರಾಮಾಣಿಕರು. ಒಮ್ಮೆ ಹೋದದ್ದು ಮರಳಿ ಬಂದ ಉದಾಹರಣೆಯಿಲ್ಲ.

ಜನ ಹೊಂದಿಕೊಂಡರು. ಹುಣಸೆಹಣ್ಣನ್ನು ಈಗಲೂ ಸಾರಿಗೆ ಕಿವುಚುತ್ತಾರೆ, ಬಣ್ಣಕ್ಕೆ. ನಿಂಬೆಹಣ್ಣನ್ನು ದೃಷ್ಟಿ ತೆಗೆಯಲು, ಹೊಸ ಗಾಡಿಯ ಚಕ್ರದಡಿ ಇಡಲು ಕೊಳ್ಳುತ್ತಾರೆ. ಹಿತ್ತಾಳೆಯ ದೀಪಗಳನ್ನು ಎಷ್ಟು ತಿಕ್ಕಿದರೂ ಹೊಳಪು ಬರುವುದಿಲ್ಲ. ಎಲ್ಲರ ಮನೆಯ ದೇವರ ಮುಂದೆಯೂ ಮಂಕು ದೀಪ. ಮೊಸರು ಎಷ್ಟು ದಿನ ಇಟ್ಟರೂ ಹಾಗೇ ಇರುತ್ತದೆ, ಅದನ್ನು ಮೊದಮೊದಲು ಅನುಕೂಲವೆಂದೇ ಹೇಳಿದರು. ಬಸುರಿಯರಿಗೆ ಮಾತ್ರ ಏನು ಕೊಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಎದುರು ಮನೆಯ ಸೊಸೆ ಆ ವರ್ಷ ನಿಂಬೆ ಎಲೆಯನ್ನು ಮೂಗಿಗೆ ಒತ್ತಿಕೊಂಡು ಜಗಲಿಯ ಮೇಲೆ ಕೂತಿರುತ್ತಿದ್ದಳು. ಈಗ ಆ ಮಗುವಿಗೆ ನಾಲ್ಕು ವರ್ಷ. "ಅಜ್ಜೀ, ಹುಳಿ ಹೆಂಗಿತ್ತು?" ಎಂದು ಕೇಳಿದರೆ ಅಜ್ಜಿ ಒಂದು ಕಣ್ಣು ಮುಚ್ಚಿ, ತುಟಿ ಎಳೆದು, ಹೆಗಲು ಕುಣಿಸಿ ತೋರಿಸುತ್ತಾಳೆ. ಮಗು ಕೇಕೆ ಹಾಕಿ ನಗುತ್ತದೆ. ಅದರ ಪಾಲಿಗೆ ಹುಳಿಯೆಂದರೆ ಅಜ್ಜಿ ಮಾಡುವ ಒಂದು ಮುಖ.

ನಮ್ಮ ಪಕ್ಕದ ಮನೆಯ ಹಾಲಮ್ಮತ್ತೆ ಹೊಂದಿಕೊಳ್ಳಲಿಲ್ಲ. ಅವಳು ಉಪ್ಪಿನಕಾಯಿ ಹಾಕುತ್ತಿದ್ದವಳು. ಗಂಡ ತೀರಿಕೊಂಡಾಗ ಅವಳಿಗೆ ಇಪ್ಪತ್ತೆಂಟು. ಮೂವತ್ತೆರಡು ಜಾಡಿಗಳನ್ನು ಮುಂದಿಟ್ಟುಕೊಂಡು ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿ ಮದುವೆ ಮಾಡಿ ಕಳಿಸಿದಳು. ನಮ್ಮ ಊರಿನ ಮದುವೆಗಳಲ್ಲಿ ಎಲೆಯ ತುದಿಗೆ ಬೇರೆಯವರ ಉಪ್ಪಿನಕಾಯಿ ಬಿದ್ದರೆ ಗಂಡಿನ ಕಡೆಯವರು ಗೊಣಗುತ್ತಿದ್ದರು. ಈಗ ಅವಳು ಅದೇ ಕಲ್ಯಾಣಮಂಟಪದ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾಳೆ. ಪ್ರತಿ ಬೇಸಿಗೆಯಲ್ಲೂ ಮೊದಲ ಮಾವಿನಕಾಯಿಯನ್ನು ಸಂತೆಯಿಂದ ತಂದು, ಹಿತ್ತಲ ಕಲ್ಲಿನ ಮೇಲೆ ಕೂತು, ಒಂದು ಹೋಳು ಕತ್ತರಿಸಿ ನಾಲಗೆಗೆ ಇಟ್ಟು ನೋಡುತ್ತಾಳೆ. ನಾನು ಬಟ್ಟೆ ಒಣಹಾಕುವಾಗ ಗೋಡೆಯಾಚೆಯಿಂದ ಕಂಡಿದ್ದೇನೆ. ಉಗಿದು, "ಸೌದೆ ಕಚ್ಚಿದಂಗೈತೆ," ಎಂದು ತನಗೆ ತಾನೇ ಹೇಳಿಕೊಂಡು ಒಳಗೆ ಹೋಗುತ್ತಾಳೆ.

ಇದಕ್ಕೆಲ್ಲ ಕಾರಣ ಯಾರು ಎಂದು ಊರಿನಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: ಆ ಹನ್ನೊಂದು ಮಂದಿ. ನಮ್ಮಲ್ಲಿ ಮತ ಹಾಕಲು ಹೋದಾಗ ಮೇಜಿನ ಹಿಂದಿರುವ ಅಧಿಕಾರಿ ಮೊದಲು ಕೇಳುವುದು, "ಚೀಟಿಯೋ, ಮಾತೋ?" ಎಂದು. ಚೀಟಿ ಎಂದರೆ ಮತಪತ್ರ ಕೊಡುತ್ತಾರೆ. ಅದರಲ್ಲಿ ಎರಡೇ ಚಿಹ್ನೆ, ಬಾಚಣಿಗೆ ಮತ್ತು ಇಕ್ಕಳ. ಪರದೆಯ ಹಿಂದೆ ಹೋಗಿ ಒಂದರ ಮೇಲೆ ಮುದ್ರೆ ಒತ್ತಿ ಪೆಟ್ಟಿಗೆಗೆ ಹಾಕಿದರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ. ಎರಡೂ ಬೇಡವಾದವರು ಮಾತು ಎನ್ನಬೇಕು. ಆಗ ಕೋಣೆಯಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ, ಗುಮಾಸ್ತ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆದುಕೊಳ್ಳುತ್ತಾನೆ, ಹಿಂದಿನ ಬೆಂಚಿನ ಮೇಲಿರುವ ಎರಡೂ ಪಕ್ಷದ ಏಜೆಂಟರಿಗೆ ಕೇಳುವಂತೆ "ನನಗೆ ಇಬ್ಬರೂ ಬೇಡ" ಎಂದು ಹೇಳಬೇಕು. ಏಜೆಂಟರು ಬೇಕೆಂದೇ "ಕೇಳಿಸಲಿಲ್ಲ" ಎನ್ನುತ್ತಾರೆ. ಮತ್ತೆ ಹೇಳಬೇಕು. ಹೋದ ಸಲ ಹನ್ನೊಂದು ಜನ ಹೀಗೆ ಹೇಳಿದರು. ಇಕ್ಕಳ ಗೆದ್ದದ್ದು ಏಳು ಮತಗಳಿಂದ. ಆ ಹನ್ನೊಂದು ಮಂದಿ ಸುಮ್ಮನೆ ಬಾಚಣಿಗೆಗೆ ಒತ್ತಿದ್ದರೆ ಹುಳಿ ಉಳಿಯುತ್ತಿತ್ತು ಎಂಬುದು ಊರಿನ ಲೆಕ್ಕ. ಅವರ ಹೆಸರು ಕೆಂಪು ಶಾಯಿಯಲ್ಲಿ ಇರುವುದರಿಂದ ಬೈಯುವುದಕ್ಕೂ ಅನುಕೂಲವಾಯಿತು. ಇಕ್ಕಳಕ್ಕೆ ಬಿದ್ದ ಮತಗಳು ಎರಡು ಸಾವಿರದ ಮುನ್ನೂರ ಹತ್ತೊಂಬತ್ತು. ಅದನ್ನು ಹಾಕಿದವರು ಮಾತ್ರ ನಮ್ಮ ಊರಿನಲ್ಲಿ ಒಬ್ಬರೂ ಇಲ್ಲ. ಯಾರನ್ನೇ ಕೇಳಿ, "ನಾನ್ಯಾಕೆ ಹಾಕ್ಲಿ?" ಎನ್ನುತ್ತಾರೆ.

ಇಕ್ಕಳಕ್ಕೆ ಬಿದ್ದ ಆ ಮತಗಳಲ್ಲಿ ಒಂದು ನನ್ನದು.

ಆಗ ನನಗೆ ಹತ್ತೊಂಬತ್ತು, ಮೊದಲ ಸಲದ ಮತ. ಅಪ್ಪ ತಿಪ್ಪೇಶಪ್ಪ ಮೂವತ್ತು ವರ್ಷಗಳಿಂದ ಬಾಚಣಿಗೆ ಪಕ್ಷದ ಏಜೆಂಟ್. ತಲೆಯಲ್ಲಿ ಒಂದು ಕೂದಲಿಲ್ಲದಿದ್ದರೂ ಅಂಗಿಯ ಜೇಬಿನಲ್ಲಿ ಸದಾ ಬಾಚಣಿಗೆ ಸಿಕ್ಕಿಸಿಕೊಂಡಿರುತ್ತಾನೆ. ಮನೆಯಲ್ಲಿ ಎಲ್ಲರೂ ಅದಕ್ಕೇ ಹಾಕುವವರು. ನನ್ನನ್ನು ಯಾರೂ ಕೇಳಲೂ ಇಲ್ಲ. ಆದರೆ ಮುಸ್ಸಂಜೆಯನ್ನು ಒಯ್ದವರು ಅವರು. ನನಗೆ ಹದಿನಾಲ್ಕು ವರ್ಷವಾಗುವ ತನಕ ದಿನದ ಆ ಅರ್ಧ ಗಂಟೆ ತಾರಸಿಯ ಮೇಲೆ ಕೂತು ಬರೆಯುತ್ತಿದ್ದೆ. ಅಕ್ಷರ ಕಾಣುತ್ತಿತ್ತು, ಬರೆಯುವವಳು ಯಾರಿಗೂ ಕಾಣುತ್ತಿರಲಿಲ್ಲ. ಈಗ ಅಂಗಡಿಯ ಷಟರ್ ಎಳೆದಂತೆ ಹಗಲು ಮುಗಿಯುತ್ತದೆ. ಅಮ್ಮ ಗಡಿಯಾರ ನೋಡಿ ದೀಪ ಹಚ್ಚುತ್ತಾಳೆ. ಆ ಸಿಟ್ಟು ಐದು ವರ್ಷ ನನ್ನೊಳಗೆ ಇತ್ತು. ಇಕ್ಕಳದವರು ಹುಳಿಯನ್ನು ಒಯ್ಯುತ್ತೇವೆ ಎಂದಿದ್ದು ಗೊತ್ತಿತ್ತು, ಅವರು ಗೆಲ್ಲುವುದಿಲ್ಲ ಎಂಬುದೂ ಗೊತ್ತಿತ್ತು. ಊರೆಲ್ಲ ಹಾಗೇ ಹೇಳುತ್ತಿತ್ತು. ಬಾಚಣಿಗೆಯವರಿಗೆ ಒಂದು ಮತ ಕಡಿಮೆಯಾದರೆ ಸ್ವಲ್ಪ ಬುದ್ಧಿ ಬರಲಿ ಎಂದು ಒತ್ತಿದೆ. ಊರಿನಲ್ಲಿ ಇನ್ನೆಷ್ಟು ಜನ ಹಾಗೇ ಅಂದುಕೊಂಡು ಒತ್ತಿದ್ದರೋ. ನಾನೊಬ್ಬಳು ಅತ್ತ ಹಾಕಿದ್ದರೆ ಏಳರ ಅಂತರ ಐದಾಗುತ್ತಿತ್ತು, ಅಷ್ಟೆ. ಹೀಗೆ ಎಷ್ಟೋ ಸಲ ದಿನಚರಿಯಲ್ಲಿ ಬರೆದಿದ್ದೇನೆ. ಬರೆದ ಮೇಲೂ ಹಾಲಮ್ಮತ್ತೆ ಗೋಡೆಯಾಚೆಯಿಂದ "ಕುಮುದಾ, ಕರಿಬೇವು ಬೇಕೇನೇ?" ಎಂದರೆ ತಲೆ ಎತ್ತಲು ಆಗುವುದಿಲ್ಲ.

ಪದವಿ ಮುಗಿದ ಮೇಲೆ ನಾನು ಊರಿನ ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ಮಾತಾಡದೆ ಮಾಡಬಹುದಾದ ಕೆಲಸ. ಊರಿಗೆ ಇರುವುದು ಒಂದೇ ಅಚ್ಚುಕೂಟವಾದ್ದರಿಂದ ಎರಡೂ ಪಕ್ಷದ ಪ್ರಣಾಳಿಕೆಗಳು ನನ್ನ ಮೇಜಿಗೇ ಬರುತ್ತವೆ. ಈ ಸಲದ್ದನ್ನು ಊರಿಗಿಂತ ನಾಲ್ಕು ದಿನ ಮೊದಲು ಓದಿದೆ. ಹುಳಿಯಂಥ ದೊಡ್ಡದಕ್ಕೆ ಕೈ ಹಾಕಿ ಇಕ್ಕಳದವರು ಏಳೇ ಮತಗಳಿಂದ ಗೆದ್ದಿದ್ದರಿಂದ ಇಬ್ಬರೂ ಈ ಸಲ ಜಾಣರಾಗಿದ್ದರು. ಕೆಲವರಿಗಷ್ಟೇ ಬೇಕಾದದ್ದನ್ನು ಹುಡುಕಿ ತೆಗೆದಿದ್ದರು. ಬಾಚಣಿಗೆಯವರ ಹಾಳೆಯಲ್ಲಿತ್ತು: "ನಾವು ಸಿಳ್ಳೆಯನ್ನು ಮಾತ್ರ ಒಯ್ಯುತ್ತೇವೆ. ಸಭ್ಯರು ಸಿಳ್ಳೆ ಹೊಡೆಯುವುದಿಲ್ಲ." ಇಕ್ಕಳದವರದು: "ನಾವು ಕನಸನ್ನು ಮಾತ್ರ ಒಯ್ಯುತ್ತೇವೆ. ನಿದ್ದೆ ಹಾಗೇ ಇರುತ್ತದೆ." ಎರಡನೆಯದರಲ್ಲಿ ಒಂದು ಕಾಗುಣಿತ ತಪ್ಪಿತ್ತು. ತಿದ್ದಿದೆ. ಆಮೇಲೆ ಬಹಳ ಹೊತ್ತು ಪೆನ್ನು ಹಿಡಿದುಕೊಂಡೇ ಕೂತಿದ್ದೆ.

ಏಕೆಂದರೆ ನಮ್ಮ ಮನೆಯಲ್ಲಿ ಕನಸು ಅಮ್ಮನ ಬದುಕು. ನನಗಿಂತ ಮೊದಲು ಅಮ್ಮನಿಗೆ ಒಬ್ಬ ಮಗ ಹುಟ್ಟಿ ಒಂಬತ್ತು ತಿಂಗಳಿಗೆ ತೀರಿಕೊಂಡಿದ್ದ. ಅವನು ಅವಳ ಬೆಳಗಿನ ಜಾವದ ಕನಸಿಗೆ ಬರುತ್ತಾನೆ, ಬಂದು ಅಲ್ಲೇ ಬೆಳೆದಿದ್ದಾನೆ. ನಾನು ಹೈಸ್ಕೂಲಿಗೆ ಹೋಗುತ್ತಿದ್ದಾಗ ಅವನು ಕಾಲೇಜಿಗೆ ಹೋಗುತ್ತಿದ್ದ. ಹೋದ ವರ್ಷ ಮೀಸೆ ಬಿಟ್ಟ. ಅಮ್ಮ ಕಾಫಿ ಸೋಸುತ್ತಾ ಹೇಳುತ್ತಾಳೆ, "ಇವತ್ತು ಯಾಕೋ ಸೊರಗಿದ್ದ ಕಣೆ. ಊಟ ಸರಿಯಾಗಿ ಮಾಡಲ್ವೇನೋ ಅಂದ್ರೆ ನಗ್ತಾನೆ, ಪೋಲಿ." ಅಪ್ಪ ಪತ್ರಿಕೆಯ ಹಿಂದೆ ಮುಖ ಮುಚ್ಚಿಕೊಂಡಿರುತ್ತಾನೆ. ಅಮ್ಮ ಹೇಳದ ದಿನ ಮಾತ್ರ ಪತ್ರಿಕೆ ಸ್ವಲ್ಪ ಕೆಳಗಿಳಿಯುತ್ತದೆ. "ಬಂದಿರಲಿಲ್ವೇನು?" ಎಂದು ಕೇಳುತ್ತಾನೆ.

ಪ್ರಣಾಳಿಕೆಗಳನ್ನು ಹಂಚಿದ ದಿನ ಅಮ್ಮ ಇಕ್ಕಳದವರ ಹಾಳೆಯನ್ನು ಓದಿ, ನಾಲ್ಕು ಮಡಿಕೆ ಮಾಡಿ, ಒಲೆಯ ಪಕ್ಕದ ಗೂಡಿನಲ್ಲಿಟ್ಟಳು. ಅಪ್ಪ ಅವಳಿಗೆ ಹೇಳಿದ. "ಓಂಕಾರೀ, ನೀನೇನೂ ಚಿಂತೆ ಮಾಡಬ್ಯಾಡ. ನಾವೇ ಗೆಲ್ಲೋದು." ಆಮೇಲೆ ನನ್ನ ಕಡೆ ತಿರುಗಿ, "ಈ ಸಲ ಒಂದೊಂದು ವೋಟೂ ಬೇಕು ಕಣವ್ವ. ಆ ಹನ್ನೊಂದು ಮಂದಿ ಈ ಸಲ ಇಪ್ಪತ್ತಾಗ್ತಾರಂತೆ. ಮನೆಹಾಳರು," ಎಂದ.

ಮರುದಿನ ಬೆಳಿಗ್ಗೆ ನೀರು ಬಿಡುವ ಮಾಂತೇಶಣ್ಣ ನಮ್ಮ ಬೀದಿಗೆ ಬಂದ. ಕಬ್ಬಿಣದ ಸಲಾಕೆಯಿಂದ ವಾಲ್ವು ತಿರುಗಿಸಿ, ಎರಡು ಬೆರಳು ಬಾಯಿಗಿಟ್ಟು, ಉದ್ದ ಸಿಳ್ಳೆ ಹೊಡೆಯುವುದು ಅವನ ಪದ್ಧತಿ. ಕೊನೆಯಲ್ಲಿ ದನಿ ಹೊರಳಿಸಿ ಮುರಿ ಕೊಡುತ್ತಾನೆ. ನಮ್ಮ ಬೀದಿಗೆ ಒಂದು ಮುರಿ, ಮೇಲಿನ ಬೀದಿಗೆ ಎರಡು. ಕೊಡ ಹಿಡಿದು ನಿಂತಿದ್ದ ಹಾಲಮ್ಮತ್ತೆ ಕೆಣಕಿದಳು. "ಇನ್ನೊಂದು ವಾರ ಊದ್ಕೋ ಮಾಂತೇಶ. ಆಮೇಲೆ ತಮಟೆ ತರಬೇಕಾಗ್ತದೆ."

"ಗಂಟೆ ತರ್ತೀನಿ ಬಿಡತ್ತೆ," ಎಂದ ಅವನು. "ಕುಲ್ಫಿ ಮಾರೋನು ಬಂದ ಅಂತ ಮಕ್ಕಳೆಲ್ಲ ಓಡಿ ಬರ್ತಾವೆ, ನೀರು ಕುಡಿಸಿ ಕಳಿಸ್ತೀನಿ."

ಎಲ್ಲರೂ ನಕ್ಕರು. ಅವನೂ ನಕ್ಕ. ಕೊಡ ತುಂಬಿಸಿ ಎತ್ತುವಾಗ ನೋಡಿದೆ, ಅವನು ಸಲಾಕೆಗೆ ಒರಗಿಕೊಂಡು ತನ್ನ ಎರಡು ಬೆರಳುಗಳನ್ನು ನೋಡಿಕೊಳ್ಳುತ್ತಿದ್ದ. ಅವನು ಕೆಲಸಕ್ಕೆ ಸೇರುವ ಮೊದಲು ಅವನ ಅಪ್ಪ ಇದೇ ಬೀದಿಗಳಿಗೆ ನೀರು ಬಿಡುತ್ತಿದ್ದ, ಇದೇ ಸಿಳ್ಳೆ.

ಆ ಸಂಜೆ, ಸಂಜೆ ಎಂದು ಅಭ್ಯಾಸಬಲದಿಂದ ಬರೆಯುತ್ತೇನೆ, ಐದೂವರೆಗೆ, ಪಂಕಜಾಕ್ಷಿ ಟೀಚರ್ ಮನೆಗೆ ಹೋದೆ. ಎಂಟನೆಯ ತರಗತಿಯಲ್ಲಿ ನನಗೆ ವಿಜ್ಞಾನ ಕಲಿಸಿದವರು. ಹನ್ನೊಂದು ಮಂದಿಯಲ್ಲಿ ಅವರೊಬ್ಬರು. ಹಾಲಮ್ಮತ್ತೆಯ ಮನೆಯ ಎದುರಿಗೇ ಅವರ ಮನೆ. ಇಬ್ಬರೂ ಮೊದಲು ಒಂದೇ ರಂಗೋಲಿ ಪುಸ್ತಕ ಹಂಚಿಕೊಳ್ಳುತ್ತಿದ್ದರು. ಈಗ ಹಾಲಮ್ಮತ್ತೆ ಬಾಗಿಲು ತೆರೆಯುವ ಮೊದಲು ಎದುರಿನ ಬಾಗಿಲು ಮುಚ್ಚಿದೆಯೇ ಎಂದು ನೋಡುತ್ತಾಳೆ. ಟೀಚರ್ ಮನೆಗೆ ಹಬ್ಬದ ಹೋಳಿಗೆಯನ್ನು ಯಾರೂ ಕೊಡುವುದಿಲ್ಲ, ಕೇರಿಯ ಹೆಂಗಸರು ಅರಿಶಿನ ಕುಂಕುಮಕ್ಕೆ ಕರೆಯುವುದಿಲ್ಲ. ನನ್ನನ್ನು ಕಂಡು ಅವರಿಗೆ ಆಶ್ಚರ್ಯವಾಯಿತು. ಅವರೇ ಕುರ್ಚಿಯ ಮೇಲಿನ ಬಟ್ಟೆ ತೆಗೆದು ಕೂರಿಸಿದರು.

ಬಹಳ ಹೊತ್ತು ಅಚ್ಚುಕೂಟದ ಬಗ್ಗೆ, ಅಮ್ಮನ ಮಂಡಿನೋವಿನ ಬಗ್ಗೆ ಕೇಳಿದರು. ಕೊನೆಗೆ ನಾನು, "ಟೀಚರ್, ಮಾತು ಅನ್ನೋದು ಕಷ್ಟನಾ?" ಎಂದೆ.

ಅವರು ನನ್ನನ್ನೇ ನೋಡಿದರು. "ಹೇಳೋದು ಕಷ್ಟ ಇಲ್ಲ ಕುಮುದಾ. ಮನೆಗೆ ನಡ್ಕೊಂಡು ಬರೋದು ಕಷ್ಟ."

"ಮತ್ಯಾಕೆ ಹೇಳಿದ್ರಿ?"

"ಹೊಡೀಲಾ ಅಂತ ಕೇಳಿದ್ರೆ ಬೇಡ ಅನ್ನೋಕೆ ಯಾರಿಗಾದ್ರೂ ಬರುತ್ತೆ. ಎಡಗೆನ್ನೆಗೋ ಬಲಗೆನ್ನೆಗೋ ಅಂತ ಕೇಳಿದ್ರೆ ನಾವು ಕೂತು ಯೋಚನೆ ಮಾಡೋಕೆ ಶುರು ಮಾಡ್ತೀವಿ. ನನಗೆ ಆ ಯೋಚನೆ ಸಾಕಾಗಿತ್ತು." ಕಾಫಿಯ ಲೋಟವನ್ನು ನನ್ನ ಕಡೆ ಸರಿಸಿ, "ಹಾಗಂತ ನನ್ನನ್ನ ದೊಡ್ಡವಳು ಅಂದ್ಕೋಬೇಡ. ನನಗೇನು, ಪಿಂಚಣಿ ಬರುತ್ತೆ. ಗ್ಯಾಸ್ಟ್ರಿಕ್ಕು, ಹುಳಿ ತಿಂದು ಎಷ್ಟು ವರ್ಷ ಆಗಿತ್ತೋ. ಹೋಗೋದು ಹಾಲಮ್ಮಂದು ಅಂತ ಗೊತ್ತಿದ್ದೂ ಹೇಳಿದೆ. ಅವಳು ಬೈಯೋದ್ರಲ್ಲಿ ತಪ್ಪಿಲ್ಲ," ಎಂದರು. ಕಿಟಕಿಯಿಂದ ಎದುರು ಮನೆಯ ಮೆಟ್ಟಿಲು ಕಾಣುತ್ತಿತ್ತು. ಅಲ್ಲಿ ನಾಲ್ಕು ಜಾಡಿಗಳಲ್ಲಿ ಕಾಕಡ ಗಿಡ ನೆಟ್ಟಿದ್ದಳು ಹಾಲಮ್ಮತ್ತೆ.

"ಹೋದ ಸಲ ನಿನ್ನದು ಮೊದಲನೇ ವೋಟಲ್ವಾ?" ಎಂದು ಟೀಚರ್ ಕೇಳಿದರು. "ಅಪ್ಪ ಹೇಳಿದ್ದಕ್ಕೆ ಹಾಕಿದ್ಯೇನೋ."

"ಹೂಂ," ಎಂದೆ. "ಬಾಚಣಿಗೆಗೆ."

ಒಳ್ಳೆಯದಾಯಿತು ಎನ್ನುವಂತೆ ಅವರು ತಲೆಯಾಡಿಸಿದರು. ನಾನು ಕಾಫಿ ಪೂರ್ತಿ ಕುಡಿಯದೆ ಎದ್ದೆ.

ಮುಂದಿನ ಐದು ದಿನ ದಿನಚರಿಯಲ್ಲಿ ಬೇರೆ ಏನನ್ನೂ ಬರೆಯಲಿಲ್ಲ. ಬಾಚಣಿಗೆಗೆ ಒತ್ತಿದರೆ ಮಾಂತೇಶಣ್ಣನ ಬೆರಳು. ಇಕ್ಕಳಕ್ಕೆ ಒತ್ತಿದರೆ ಅಮ್ಮ ಬೆಳಿಗ್ಗೆ ಎದ್ದು ಸುಮ್ಮನೆ ಕಾಫಿ ಸೋಸುತ್ತಾಳೆ. ಮಾತು ಎಂದರೆ ನನ್ನ ಕೈ ಯಾರನ್ನೂ ಮುಟ್ಟುವುದಿಲ್ಲ; ಆದರೆ ಬಾಚಣಿಗೆಗೆ ಒಂದು ಕಡಿಮೆಯಾಗಿ, ಅದೇ ಒಂದರಿಂದ ಇಕ್ಕಳ ಗೆದ್ದರೆ? ಹೀಗೆ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಿದ್ದೆ. ಆದರೂ ನನಗೆ ಮಾತೇ ಬೇಕಾಗಿತ್ತು. ಸಿಳ್ಳೆಗಾಗಿಯೂ ಅಲ್ಲ, ಕನಸಿಗಾಗಿಯೂ ಅಲ್ಲ, ನಿಜ ಬರೆಯುವುದಾದರೆ. ಕೆಂಪು ಶಾಯಿಯಲ್ಲಿ ನನ್ನ ಹೆಸರು ಬಂದು, ನಾನೂ ನಾಲ್ಕು ಜನರಿಂದ ಬೈಸಿಕೊಂಡರೆ, ಹೋದ ಸಲದ್ದು ತೀರುತ್ತದೆ ಎನಿಸುತ್ತಿತ್ತು. ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು "ನನಗೆ ಇಬ್ಬರೂ ಬೇಡ" ಎಂದು ಹೇಳಿ ನೋಡಿದೆ. ಮೂರನೆಯ ದಿನಕ್ಕೆ ನೀರಿನ ಸದ್ದನ್ನು ಮೀರಿ ನನಗೇ ಕೇಳಿಸಿತು. ಹಾಗಾದರೆ ಆಗುತ್ತದೆ ಎಂದುಕೊಂಡೆ.

ಮತದಾನದ ಬೆಳಿಗ್ಗೆ ಅಮ್ಮ ಎಂದಿಗಿಂತ ತಡವಾಗಿ ಎದ್ದಳು. ಕಣ್ಣು ಊದಿಕೊಂಡಿತ್ತು. "ಇವತ್ತು ಬಹಳ ಹೊತ್ತು ಇದ್ದ," ಎಂದಳು. "ಎದ್ದು ಹೋಗು, ನಿನಗೆ ಕೆಲಸ ಇಲ್ವಾ ಅಂದ್ರೂ ಹೋಗಲಿಲ್ಲ." ಮಂಡಿನೋವಿದ್ದರೂ ಅವಳು ಮೊದಲ ಸರದಿಯಲ್ಲೇ ಹೋಗಿ ಮತ ಹಾಕಿ ಬಂದಳು. ಬಂದವಳು ನನಗೆ ಎಲ್ಲಿ ಒತ್ತಬೇಕೆಂದು ಹೇಳಲಿಲ್ಲ. ನನ್ನ ಜಡೆಯನ್ನು ಬಿಚ್ಚಿ ಮತ್ತೆ ಹೆಣೆದಳು, ಚಿಕ್ಕವಳಿದ್ದಾಗ ಪರೀಕ್ಷೆಗೆ ಕಳಿಸುವ ಮೊದಲು ಹೆಣೆಯುತ್ತಿದ್ದಂತೆ.

ಮತಗಟ್ಟೆ ನಾನು ಓದಿದ ಶಾಲೆಯಲ್ಲೇ. ಜಗಲಿಯ ತುಂಬ ಸರದಿ ನಿಂತಿತ್ತು. ನನ್ನ ಮುಂದೆ ಹಾಲಮ್ಮತ್ತೆ, ಅವಳ ಮುಂದೆ ಮಾಂತೇಶಣ್ಣ. ನಾಲ್ಕೈದು ಜನರ ಹಿಂದೆ ಪಂಕಜಾಕ್ಷಿ ಟೀಚರ್ ಬಂದು ನಿಂತಾಗ ಸರದಿಯ ಮಾತು ಒಂದು ಕ್ಷಣ ನಿಂತು, ಮತ್ತೆ ಜೋರಾಗಿ ಶುರುವಾಯಿತು. "ವಯಸ್ಸಾದವರು, ಮುಂದೆ ಕಳಿಸ್ರಪ್ಪ," ಎಂದು ಪೊಲೀಸಿನವನು ಟೀಚರನ್ನು ಕರೆದ. ಹಾಲಮ್ಮತ್ತೆ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು. "ಹೋಗ್ಲಿ ಹೋಗ್ಲಿ," ಎಂದಳು, ಎಲ್ಲರಿಗೂ ಕೇಳುವಂತೆ. "ಮನೆ ಮುರಿಯೋ ಕೆಲಸಕ್ಕೆ ತಡ ಆಗಬಾರದು."

ಕಿಟಕಿಯ ಸರಳುಗಳ ನಡುವಿನಿಂದ ಒಳಗಿನದು ಕಾಣುತ್ತಿತ್ತು. ಹಿಂದಿನ ಬೆಂಚಿನ ಮೇಲೆ ಇಕ್ಕಳದ ಏಜೆಂಟನ ಪಕ್ಕದಲ್ಲಿ ಅಪ್ಪ ಕೂತಿದ್ದ, ಜೇಬಿನಲ್ಲಿ ಬಾಚಣಿಗೆ. "ಚೀಟಿಯೋ, ಮಾತೋ?" ಎಂದರು ಅಧಿಕಾರಿ. "ಮಾತು," ಎಂದರು ಟೀಚರ್. ಗುಮಾಸ್ತ ಕೆಂಪು ಶಾಯಿಯ ಪೆನ್ನು ಎತ್ತಿಕೊಂಡ. ಅವರು ಹೇಳಿದರು. ಅಪ್ಪ ಕಿವಿಗೆ ಕೈ ಹಿಡಿದು, "ಕೇಳಿಸಲಿಲ್ಲ ಮೇಡಂ," ಎಂದ. ನನಗೆ ವಿಜ್ಞಾನ ಕಲಿಸಿದವರನ್ನು ನನ್ನ ಅಪ್ಪ ಎರಡು ಸಲ ಹೇಳಿಸಿದ.

ಟೀಚರ್ ಹೊರಗೆ ಬಂದು ಬಿಸಿಲಿಗೆ ಹೆದರಿದವರಂತೆ ಜಗಲಿಯ ಕಂಬದ ಪಕ್ಕ ನಿಂತರು. ಮಾಂತೇಶಣ್ಣ ಹೋಗಿ ಬಂದ. ಹಾಲಮ್ಮತ್ತೆ ಹೋಗಿ ಬಂದಳು. ನನ್ನ ಸರದಿ.

ಅಧಿಕಾರಿ ತಲೆ ಎತ್ತದೆ ಕೇಳಿದರು. "ಚೀಟಿಯೋ, ಮಾತೋ?"

ಅಪ್ಪ ನನ್ನನ್ನು ನೋಡಿ ಸಣ್ಣಗೆ ನಕ್ಕ. ಆ ನಗೆಯಲ್ಲಿ ರಾಜಕೀಯವೇನೂ ಇರಲಿಲ್ಲ. ಮಗಳು ಹೊಸ ಜಡೆ ಹಾಕಿಕೊಂಡು ಬಂದಿದ್ದಾಳೆ ಎಂಬ ನಗೆ. ಬಾಯಿ ತೆರೆದೆ. ಬಚ್ಚಲಿನಲ್ಲಿ ಬಂದದ್ದು ಇಲ್ಲಿ ಬರಲಿಲ್ಲ. "ಬೇಗ ಹೇಳಮ್ಮ," ಎಂದರು ಅಧಿಕಾರಿ. ಅಮ್ಮ ಕಾಫಿ ಸೋಸುತ್ತಾ ನಿಂತಿರುವುದು ಕಂಡಿತು, ಏನೂ ಹೇಳದೆ, ಅಪ್ಪನ ಪತ್ರಿಕೆ ಕೆಳಗಿಳಿದು, ಮತ್ತೆ ಎಂದೂ ಏನನ್ನೂ ಕೇಳದೆ ಮೇಲೇರುವುದು ಕಂಡಿತು.

"ಚೀಟಿ," ಎಂದೆ.

ಪರದೆಯ ಹಿಂದೆ ಮತಪತ್ರವನ್ನು ಹಲಗೆಯ ಮೇಲೆ ಹರಡಿ, ಬಾಚಣಿಗೆಯ ಮೇಲೆ ಮುದ್ರೆ ಒತ್ತಿದೆ. ಮುದ್ರೆ ನೆಟ್ಟಗೆ ಬಿತ್ತು. ಸಿಳ್ಳೆ ಹೋಗಲಿ ಎಂದು ತೀರ್ಮಾನ ಮಾಡಿದ್ದೆ. ಮಡಿಸಿ ಪೆಟ್ಟಿಗೆಗೆ ಹಾಕಿದೆ. ಅದು ಬಿದ್ದ ಸದ್ದೂ ಕೇಳಿಸಲಿಲ್ಲ, ಕೆಳಗೆ ಆಗಲೇ ಅಷ್ಟು ಚೀಟಿಗಳಿದ್ದವು.

ಹೊರಗೆ ಬಂದಾಗ ಜಗಲಿಯಲ್ಲಿ ಗಲಾಟೆ ಎದ್ದಿತ್ತು. ಕಂಬದ ಬಳಿ ಟೀಚರನ್ನು ನಿಲ್ಲಿಸಿಕೊಂಡು ಹಾಲಮ್ಮತ್ತೆ ಕೂಗುತ್ತಿದ್ದಳು. ಐದು ವರ್ಷದಲ್ಲಿ ಅವರೊಂದಿಗೆ ಅವಳು ಆಡಿದ ಮೊದಲ ಮಾತುಗಳು ಅವು. "ನಿಮಗೇನು ಟೀಚರಮ್ಮ, ಬೇಡ ಅಂದ್ಬಿಟ್ರಿ, ಸೆರಗು ಕೊಡವಿಕೊಂಡು ಮನೆಗೆ ಹೋದ್ರಿ. ನನ್ನ ಕೈ ನೋಡ್ರಿ ಇಲ್ಲಿ! ಈ ಕೈಯ ವಾಸನೆಗೆ ಮೂರು ಊರಿನ ಜನ ಬರ್ತಿದ್ರು. ಈಗ ಬರೀ ಈರುಳ್ಳಿ ವಾಸನೆ. ನನ್ನ ಕೈಯನ್ನ ನನಗೆ ಇಲ್ಲದಂಗೆ ಮಾಡಿದ್ರಿ. ಈ ಸಲ ಯಾರದ್ದು ತೆಗೀಬೇಕು ಅಂತಿದೀರಿ?" ಟೀಚರ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಸರದಿಯಲ್ಲಿದ್ದವರು ದನಿಗೂಡಿಸಿದರು. "ಹೇಳಿ ಹಾಲಮ್ಮ, ಚೆನ್ನಾಗಿ ಹೇಳಿ." "ಹನ್ನೊಂದು ಮಂದಿಗೂ ಒಂದು ಜಾಡಿ ಮಾಡಿ ಉಪ್ಪು ಹಾಕಿಡ್ಬೇಕು ಕಣಮ್ಮ," ಎಂದ ಯಾರೋ. ನಕ್ಕರು. ನಕ್ಕವರಲ್ಲಿ ನಮ್ಮ ಬೀದಿಯ ಎಷ್ಟೋ ಮುಖಗಳಿದ್ದವು. ಅವರಲ್ಲಿ ಎಷ್ಟು ಜನ ಹೋದ ಸಲ ನನ್ನ ಹಾಗೆ ಪರದೆಯ ಹಿಂದೆ ಸಿಟ್ಟಿನಿಂದಲೋ ತಮಾಷೆಗೋ ಒತ್ತಿದ್ದರು ಎಂಬುದು ಅವರಿಗೆ ಮಾತ್ರ ಗೊತ್ತು. ಸದ್ದು ಕೇಳಿ ಅಪ್ಪ ಬಾಗಿಲಿಗೆ ಬಂದು ನಿಂತ.

ನಾನು ಗೋಡೆಯ ಅಂಚು ಹಿಡಿದು ಹೋಗಿಬಿಡಬಹುದಿತ್ತು. ಹಾಗೇ ಹೋಗುವವಳು ನಾನು. ಆದರೆ ಹಾಲಮ್ಮತ್ತೆ ನನ್ನನ್ನು ಕಂಡು ಕೈ ಹಿಡಿದು ಎಳೆದಳು. ಅವಳ ಕೈಯಿಂದ ನಿಜವಾಗಿಯೂ ಈರುಳ್ಳಿಯ ವಾಸನೆ ಬರುತ್ತಿತ್ತು. "ಓದಿದ ಹುಡುಗಿ, ಇವಳು ಸುಳ್ಳು ಹೇಳೋಳಲ್ಲ," ಎಂದಳು ಎಲ್ಲರಿಗೂ. "ನೀನೇ ಹೇಳು ಮಗಾ. ಇವರಿಂದ ತಾನೇ ನನ್ನ ಬದುಕು ಹೋಗಿದ್ದು?"

ಎಲ್ಲರೂ ನನ್ನ ಕಡೆ ನೋಡಿದರು. ಟೀಚರ್ ಕೂಡ ನೋಡಿದರು, ಕನ್ನಡಕವಿಲ್ಲದ ಕಣ್ಣುಗಳಿಂದ, ನಾನು ಏನು ಹೇಳುತ್ತೇನೆಂದು ಗೊತ್ತಿದ್ದವರಂತೆ, ಅದಕ್ಕಾಗಿ ನನ್ನನ್ನು ಆಗಲೇ ಕ್ಷಮಿಸಿದವರಂತೆ. ಹೂಂ ಎಂದರೆ ಸಾಕಿತ್ತು. ತಲೆಯಾಡಿಸಿದ್ದರೂ ನಡೆಯುತ್ತಿತ್ತು.

"ಇಲ್ಲ ಅತ್ತೆ," ಎಂದೆ.

"ಏನು? ಜೋರಾಗಿ ಹೇಳೇ."

"ಟೀಚರ್ ಬೇಡ ಅಂದ್ರು ಅಷ್ಟೇ. ಹೋದ ಸಲ ನಾನು ಇಕ್ಕಳಕ್ಕೆ ಒತ್ತಿದ್ದೆ. ಹುಳಿ ಹೋಗುತ್ತೆ ಅಂತ ಓದಿಕೊಂಡೇ ಒತ್ತಿದ್ದೆ."